ಪ್ರಳಯವಾದ ಮೇಲೆ ಬೇಕಾಗುವವರು

ಮನುಷ್ಯನು ತನ್ನ ಆಸೆಗಳನ್ನು ಆಟವಾಗಿ ಮಾಡಿಕೊಳ್ಳುವಂತೆಯೇ ಭಯಗಳನ್ನೂ ಆಟವಾಗಿ ಮಾಡಿಕೊಳ್ಳುತ್ತಾನೆ. ಗುಮ್ಮನಿಗೆ ಹೆದರುವ ಮಗುವೇ ಕಂಬಳಿ ಹೊದ್ದು ಗುಮ್ಮನಾಗಿ ಬಂದು ತಂಗಿಯನ್ನು ಹೆದರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆಟದಲ್ಲಿ ಭಯವು ಹಲ್ಲು ಕಿತ್ತ ಹಾವಿನಂತೆ ಕೈಗೆ ಸಿಕ್ಕುತ್ತದೆ. ಅದನ್ನು ಎತ್ತಿ ಹಿಡಿದು, ತಿರುಗಿಸಿ ನೋಡಬಹುದು. ನಮ್ಮ ಕಾಲದ ದೊಡ್ಡ ಭಯವಾವುದು? ಅಣುಬಾಂಬು ಬಿದ್ದೀತು, ಸಮುದ್ರ ಉಕ್ಕೀತು, ಹೆಸರಿಲ್ಲದ ರೋಗ ಬಂದೀತು, ಕಟ್ಟಿದ ನಾಗರಿಕತೆಯೆಲ್ಲ ಒಂದು ದಿನ ಕುಸಿದೀತು ಎಂಬುದು. ಹಳಬರು ಇದನ್ನು ಪ್ರಳಯವೆಂದರು. ಈಗ ಪಶ್ಚಿಮ ದೇಶಗಳಲ್ಲಿ ಆ ಪ್ರಳಯವನ್ನೂ ಒಂದು ಆಟವಾಗಿ ಮಾಡಿಕೊಂಡವರಿದ್ದಾರೆಂದರೆ ವಾಚಕರು ನಗಬಾರದು. ಆ ಆಟದ ಒಂದು ಸಣ್ಣ ನಿಯಮವು ನಮ್ಮ ಜಂಗಮಕೋಟೆಯ ಸೀಮೆಯ ಒಂದು ಹಳೆಯ ಲೆಕ್ಕವನ್ನು ನನ್ನ ಕಣ್ಣ ಮುಂದೆ ಬಿಚ್ಚಿಟ್ಟಿತು. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಆಟಕ್ಕೆ ಇಂಗ್ಲಿಷಿನಲ್ಲಿ ‘ಲೈವ್ ಆ್ಯಕ್ಷನ್ ರೋಲ್ ಪ್ಲೇಯಿಂಗ್’ ಎಂದು ಹೆಸರು. ಚಿಕ್ಕದಾಗಿ ‘ಲಾರ್ಪ್’ ಎನ್ನುತ್ತಾರೆ. ನಾಟಕದಂತೆ ಇದರಲ್ಲಿ ಪಾತ್ರಗಳುಂಟು, ಆದರೆ ಬರೆದಿಟ್ಟ ಮಾತುಗಳಿಲ್ಲ; ಪಂದ್ಯದಂತೆ ನಿಯಮಗಳುಂಟು, ಆದರೆ ಸುತ್ತ ನಿಂತು ನೋಡುವ ಪ್ರೇಕ್ಷಕರಿಲ್ಲ. ವೇಷ ಹಾಕಿದವರೆಲ್ಲ ಒಂದು ಕಾಡಿಗೋ ಬಯಲಿಗೋ ಹಾಳು ಕೋಟೆಗೋ ಹೋಗಿ ಎರಡು ಮೂರು ದಿನ ಆ ಪಾತ್ರಗಳಾಗಿಯೇ ಉಣ್ಣುತ್ತಾರೆ, ಉರುಳುತ್ತಾರೆ, ಜಗಳವಾಡುತ್ತಾರೆ. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಇಂತಹ ಆಟ ಮೊದಲಾಯಿತು. ಆಗಿನ ವೇಷಗಳು ವೀರರವು, ಮಾಂತ್ರಿಕರವು, ರಾಕ್ಷಸರವು. ಬರಬರುತ್ತ ಪ್ರಳಯೋತ್ತರ ಲೋಕದ ಆಟಗಳೂ ಹುಟ್ಟಿಕೊಂಡವು. 1979ರಲ್ಲಿ ಆಸ್ಟ್ರೇಲಿಯದಲ್ಲಿ ತೆರೆ ಕಂಡ ‘ಮ್ಯಾಡ್ ಮ್ಯಾಕ್ಸ್’ ಚಿತ್ರವೂ ಅದರ ಮುಂದಿನ ಭಾಗಗಳೂ ಇವಕ್ಕೆ ಉಡುಗೆ ತೊಡುಗೆಯನ್ನು ಒದಗಿಸಿದವು. ಪೋಲೆಂಡಿನಲ್ಲಿ ಸೋವಿಯತ್ ಸೇನೆ ಬಿಟ್ಟುಹೋದ ಒಂದು ಹಳೆಯ ವಿಮಾನ ನೆಲೆಯ ಮೇಲೆ ‘ಓಲ್ಡ್‌ಟೌನ್’ ಎಂಬ ತಗಡಿನ ಊರು ಕಟ್ಟಿ ಆಡಿದರು. 2010ರಿಂದ ಕ್ಯಾಲಿಫೋರ್ನಿಯದ ಮೊಹಾವೆ ಮರುಭೂಮಿಯಲ್ಲಿ ‘ವೇಸ್ಟ್‌ಲ್ಯಾಂಡ್ ವೀಕೆಂಡ್’ ಎಂಬ ಜಾತ್ರೆಯೇ ನಡೆಯುತ್ತ ಬಂದಿದೆ.

ಈ ಆಟಗಳಲ್ಲಿ ರಾಜನಿಲ್ಲ, ಖಜಾನೆಯಿಲ್ಲ, ಅಂಗಡಿಯಿಲ್ಲ. ಲೋಕ ಮುಗಿದ ಮೇಲೆ ಉಳಿದದ್ದು ಗುಜರಿ. ಅದನ್ನು ಹೆಕ್ಕಿ, ಬೆಸೆದು, ಹೊಲಿದು, ಕಾಯಿಸಿ ಬದುಕಬೇಕು. ಗಾಯಕ್ಕೆ ಪಟ್ಟಿ ಬೇಕಾದರೆ ಬಟ್ಟೆ ಒಬ್ಬನಿಂದ, ಮದ್ದಿನ ಸೊಪ್ಪು ಇನ್ನೊಬ್ಬಳಿಂದ, ಶುದ್ಧ ನೀರು ಮತ್ತೊಬ್ಬನಿಂದ ದೊರೆಯಬೇಕು. ಕೆಲವು ಆಟಗಳಲ್ಲಿ ನಿಜವಾದ ವಸ್ತುವನ್ನೇ ಹುಡುಕಬೇಕು. ಕೆಲವೆಡೆ ‘ತಗಡು’, ‘ಬೇರು’, ‘ದಾರ’ ಎಂದು ಬರೆದ ಚೀಟಿಗಳನ್ನು ಬಯಲಲ್ಲಿ ಬಚ್ಚಿಟ್ಟಿರುತ್ತಾರೆ. ಸೋಡಾ ಸೀಸೆಯ ಮುಚ್ಚಳವೇ ನಾಣ್ಯವಾಗುವುದೂ ಉಂಟು. ಆದರೆ ಎಲ್ಲ ಕಡೆಯೂ ನಿಯಮದ ತಿರುಳು ಒಂದೇ. ಒಂದು ವಸ್ತು ಆಗಬೇಕಾದರೆ ಮೂರು ಕೂಡಬೇಕು: ಸರಕು, ಅದನ್ನು ಬಳಸಬಲ್ಲ ತಿಳಿವು, ತಾಳ್ಮೆಯಿಂದ ಕಳೆಯಬೇಕಾದ ಹೊತ್ತು. ಎಲ್ಲ ತಿಳಿವೂ ಒಬ್ಬನಿಗೇ ಇರಬಾರದೆಂದು ನಿಯಮ ಮಾಡಿದವರು ಬೇಕೆಂದೇ ಕಟ್ಟು ಹಾಕಿರುತ್ತಾರೆ. ಹೀಗಾಗಿ ಅತಿ ಬಲಶಾಲಿಯಾದ ಕತ್ತಿಯಾಳು ಕೂಡ ಮುರುಕು ಚಪ್ಪಲಿ ಹಿಡಿದು ಹೊಲಿಯುವವನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ವೇಷದ ಸಿದ್ಧತೆಯಲ್ಲಿ ಒಂದು ವಿನೋದವೂ ಉಂಟು. ಹೊಸ ಬಟ್ಟೆಯನ್ನು ಕೊಂಡು ತಂದು, ಮರಳುಕಾಗದದಿಂದ ಉಜ್ಜಿ, ಟೀ ಕಷಾಯದಲ್ಲಿ ಅದ್ದಿ, ಅಂಚುಗಳನ್ನು ಹರಿದು ಹಳತು ಮಾಡುತ್ತಾರೆ. ಸ್ಪಂಜಿನ ಕತ್ತಿಗೆ ತುಕ್ಕಿನ ಬಣ್ಣ ಬಳಿಯುತ್ತಾರೆ. ನಮ್ಮ ಊರಿನ ಅಜ್ಜಿಯರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಬೊಂತೆ ಹೊಲಿದು, ಹಳತನ್ನು ಹೊಸದು ಮಾಡಲು ಪಟ್ಟ ಪಾಡೇ ಅಲ್ಲಿ ಹೊಸದನ್ನು ಹಳತು ಮಾಡಲು ನಡೆಯುತ್ತದೆ! ಸಮೃದ್ಧಿಗೆ ಬಡತನದ ವೇಷ ಬೇಕಾದಾಗ ಅದಕ್ಕೂ ದುಡ್ಡು ಖರ್ಚಾಗುತ್ತದೆ.

ನಿಜವಾದ ಪ್ರಳಯದ ಸೀಮೆ

ಇದನ್ನೆಲ್ಲ ನನಗೆ ವಿವರಿಸಿದವನು ನನ್ನ ಹಳೆಯ ಶಿಷ್ಯನೊಬ್ಬ. ನಾನು ಜಂಗಮಕೋಟೆಯ ಸುತ್ತಿನ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿದವನು. ಅವನು ಕ್ಯಾಲಿಫೋರ್ನಿಯದಲ್ಲಿ ಕೆಲಸಕ್ಕಿರುವವನು. ರಜೆಯಲ್ಲಿ ಬಂದಾಗ ಕೆರೆಯ ಏರಿಯ ಮೇಲೆ ನಡೆಯುತ್ತ ಆಟದ ನಿಯಮಗಳನ್ನು ಹೇಳಿದ. ಹೇಳಿ ಮುಗಿಸಿ ಒಣಗಿ ಬಿರುಕು ಬಿಟ್ಟ ಕೆರೆಯಂಗಳವನ್ನು ನೋಡಿ, “ಇಲ್ಲಿ ಆಡಿದ್ರೆ ಸೆಟ್ಟಿಂಗ್ ಖರ್ಚೇ ಇಲ್ಲ, ಸಾರ್” ಎಂದು ನಕ್ಕ.

ಅವನ ಮಾತಿನಲ್ಲಿ ಹುರುಳಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಹೆಸರು ಪಡೆದರೂ ನೆಲದ ಗುಣ ಬದಲಾಗಲಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಹಿರಿಯರು ಕೆರೆ ಕಟ್ಟಿದರು. ನಾವು ಕೊಳವೆಬಾವಿ ಕೊರೆದೆವು. ಸಾವಿರ ಅಡಿ ದಾಟಿದರೂ ಧೂಳು ಬಂದ ಬಾವಿಗಳ ಕಥೆಯನ್ನು ಇಲ್ಲಿ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಕೇಳಬಹುದು. ಈಚಿನ ವರ್ಷಗಳಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ನಗರವೊಂದರ ಕೊಳೆನೀರು ಒಂದು ಸೀಮೆಯ ಅಂತರ್ಜಲಕ್ಕೆ ಸರಕಾಗುವುದನ್ನು ಯಾವ ಪ್ರಳಯೋತ್ತರ ಆಟದವನೂ ಕಲ್ಪಿಸಿರಲಾರ.

ನಿಜವಾದ ಪ್ರಳಯವನ್ನೂ ಈ ಸೀಮೆ ಕಂಡಿದೆ. 1876ರಿಂದ 1878ರವರೆಗಿನ ಬರವನ್ನು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರವೆಂದು ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮೀರಿ ಕಡಮೆಯಾದರು. ಕೋಲಾರದಂತಹ ಒಣಸೀಮೆಗೆ ಆ ಪೆಟ್ಟು ಹೇಗೆ ತಗುಲಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಉಳಿದವರು ಉಳಿದದ್ದು ಯಾವುದರಿಂದ? ಬಹುಮಟ್ಟಿಗೆ, ಯಾವ ಗಿಡ ತಿನ್ನಬಹುದು, ಯಾವ ಬೀಜ ಹುರಿದರೆ ಒಗರು ಇಳಿಯುತ್ತದೆ ಎಂಬ ತಿಳಿವಿನಿಂದ. ಇಂದು ನಾವು ಬಾಯಿ ಚಪ್ಪರಿಸಿ ಉಣ್ಣುವ ಬೆರಕೆ ಸೊಪ್ಪಿನ ಸಾರು ಆ ತಿಳಿವಿನ ಮರಿಮಗಳು. ಅಣ್ಣೆ, ಗಣಿಕೆ, ಕೀರೆ, ಗೋಣಿ, ಹೊನಗೊನೆ — ಯಾರೂ ಬಿತ್ತದ, ಯಾರೂ ಕಂದಾಯ ಕಟ್ಟದ ಈ ಸೊಪ್ಪುಗಳನ್ನು ಹೊಲದ ಬದುವಿನಲ್ಲಿ ಬಗ್ಗಿ ಆರಿಸುವ ಹೆಂಗಸು ಒಂದು ವಿಷದ ಎಲೆಯನ್ನೂ ಮಡಿಲಿಗೆ ಹಾಕಿಕೊಳ್ಳುವುದಿಲ್ಲ. ಅವಳು ಓದಿದ ಸಸ್ಯಶಾಸ್ತ್ರಕ್ಕೆ ಪುಸ್ತಕವಿಲ್ಲ.

ಒಂದು ಹುಣಸೆಬೀಜದ ಲೆಕ್ಕ

ಸರಕೆಂದರೆ ಏನು ಎಂಬುದಕ್ಕೆ ನಾನು ಹುಣಸೆಬೀಜವನ್ನು ಉದಾಹರಿಸುತ್ತೇನೆ. ಹಣ್ಣಿನ ತಿರುಳನ್ನು ಮಾರಿದ ಮೇಲೆ ಬೀಜವು ಕಸವೆಂದು ಪಟ್ಟಣದವರು ತಿಳಿಯುತ್ತಾರೆ. ಕುರುಬರು ಅದನ್ನು ಅರೆದು ಬೇಯಿಸಿ ಗಂಜಿ ಮಾಡಿ ಕಂಬಳಿಯ ಉಣ್ಣೆಯ ನೂಲಿಗೆ ಹಚ್ಚಿ ಬಿಗುವು ಕೊಟ್ಟರು. ಅದೇ ಅಂಟಿನಿಂದ ತಮಟೆಯಂತಹ ವಾದ್ಯಗಳ ಬಳೆಗೆ ಚರ್ಮವನ್ನು ಅಂಟಿಸುವುದುಂಟು. ಮಕ್ಕಳು ಅದನ್ನು ಕಲ್ಲಿಗೆ ಉಜ್ಜಿ ಎರಡು ಹೋಳು ಮಾಡಿ ಚೌಕಾಬಾರದ ದಾಳ ಮಾಡಿಕೊಂಡರು. ಬರ ಬಂದಾಗ ಅದೇ ಬೀಜವನ್ನು ಹುರಿದು, ಸಿಪ್ಪೆ ಸುಲಿದು, ಬೀಸಿ ಹೊಟ್ಟೆಗೆ ಹಾಕಿಕೊಂಡರು. ಉಡುಗೆ, ವಾದ್ಯ, ಆಟ, ಅನ್ನ — ನಾಲ್ಕೂ ಒಂದೇ ಬೀಜದೊಳಗೆ. ಬೀಜ ಎಲ್ಲರಿಗೂ ಸಿಕ್ಕುತ್ತದೆ. ಅದರೊಳಗಿನ ನಾಲ್ಕು ವಸ್ತುಗಳು ತಿಳಿದವನಿಗೆ ಮಾತ್ರ ಕಾಣುತ್ತವೆ.

ಹೀಗೆಯೇ ಕತ್ತಾಳೆ. ಬೇಲಿಯ ಮುಳ್ಳೆಂದು ತೋರುವ ಅದನ್ನು ನೀರಿನಲ್ಲಿ ಕೊಳೆಹಾಕಿ ಬಡಿದರೆ ನಾರು. ನಾರನ್ನು ಹುರಿಗೊಳಿಸಿದರೆ ಹಗ್ಗ. ಹೊಂಗೆಯ ಬೀಜ ದೀಪಕ್ಕೆ ಎಣ್ಣೆ, ಹಿಂಡಿ ಹೊಲಕ್ಕೆ ಗೊಬ್ಬರ. ಹಳದಿ ಹೂವಿನ ತಂಗಡಿಯ ತೊಗಟೆ ಚರ್ಮ ಹದ ಮಾಡುವುದಕ್ಕೆ. ರೇಷ್ಮೆಯಂತೂ ಶಿಡ್ಲಘಟ್ಟದ ಹೆಸರಿನೊಡನೆ ಬೆಸೆದುಕೊಂಡದ್ದು. ಅಲ್ಲಿಯ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೂ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆಯನ್ನು ಹೆಣೆದವನ ಹೆಸರು ತಿಳಿದಿರುವುದಿಲ್ಲ. ಬಿದಿರಿನ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿ ಮಾಡಿದ ಆ ಚಕ್ರವ್ಯೂಹ ಮೇದರ ಕೈಯದು. ಸುಮಾರು 7-8 ಕಿಲೋ ಗೂಡಿನಿಂದ ಒಂದು ಕಿಲೋ ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶವೂ ದಂಡವಲ್ಲ. ಅದರಿಂದ ಎಣ್ಣೆ ತೆಗೆಯುತ್ತಾರೆ, ಕೋಳಿ-ಮೀನುಗಳಿಗೆ ಮೇವು ಮಾಡುತ್ತಾರೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿ ಒಲೆಗೆ, ಹಿಕ್ಕೆ ತಿಪ್ಪೆಗೆ. ಇಲ್ಲಿ ‘ಎಸೆಯುವುದು’ ಎಂಬ ಕ್ರಿಯಾಪದಕ್ಕೆ ಬಹುಕಾಲ ಕೆಲಸವಿರಲಿಲ್ಲ.

ವೇಷ ಹಾಕಿ ಆಡುವ ಆಟವೂ ನಮ್ಮಲ್ಲಿ ಇರಲಿಲ್ಲವೆ? ಇತ್ತು. ಕೋಲಾರದ ಸೀಮೆಯಲ್ಲಿ ಬಯಲಾಟಕ್ಕೆ ‘ಕೇಳಿಕೆ’ ಎಂದು ಹೆಸರು. ಹಗಲು ನೇಗಿಲು ಹಿಡಿದವನು ರಾತ್ರಿ ದುರ್ಯೋಧನನಾಗುವ ಆ ಆಟಕ್ಕೆ ಸರಕು ಒದಗಿಸುತ್ತಿದ್ದದ್ದು ಇಡೀ ಊರು. ಹಗುರ ಮರವನ್ನು ಕೊರೆದು, ಬೇಗಡೆ ಹಚ್ಚಿ, ಕನ್ನಡಿಯ ಚೂರು ಕೂರಿಸಿದ ಕಿರೀಟ ಭುಜಕೀರ್ತಿಗಳು ಆಚಾರಿಯ ಕೈಯವು. ಮುಖಕ್ಕೆ ಅರದಾಳ, ಇಂಗಳೀಕ, ಸಫೇದು. ಹುಬ್ಬಿಗೆ ದೀಪದ ಕಾಡಿಗೆ. ಹಳೆಯ ಬಟ್ಟೆ ಸುತ್ತಿ ಎಣ್ಣೆಯಲ್ಲಿ ನೆನೆಸಿದ ಪಂಜನ್ನು ಹಿಡಿದು ಬೆಳಗಿನವರೆಗೆ ನಿಂತವನು ಮಡಿವಾಳ. ಕನ್ನಡಿಯ ಚೂರಿನಲ್ಲಿ ಪಂಜಿನ ಬೆಳಕು ಹೊಳೆದಾಗ ಬೆಂಡಿನ ಕಿರೀಟ ಹಸ್ತಿನಾವತಿಯ ಕಿರೀಟವಾಗುತ್ತಿತ್ತು. ಕಡಮೆ ಸರಕಿನಲ್ಲಿ ದೊಡ್ಡ ಲೋಕವೊಂದನ್ನು ಕಟ್ಟುವ ವಿದ್ಯೆಯನ್ನು ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಈ ಲೇಖನ ನಮ್ಮ ಹಿಂದಿನವರ ಹೊಗಳಿಕೆಯಾಗಿ ಮುಗಿಯುತ್ತದೆ. ಅಂತಹ ಹೊಗಳಿಕೆಗಳು ಭಾನುವಾರದ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿವೆ. ನಾನು ಹೇಳಬೇಕೆಂದಿರುವುದು ಇದರ ಆಚೆಗಿದೆ.

ಬಾನಿ ಮತ್ತು ಬಾವಿ

ಪಶ್ಚಿಮದ ಆಟದಲ್ಲಿ ಸರಕು ಬಲ್ಲವನಿಗೆ ಗೌರವವುಂಟು. ಅವನಿಲ್ಲದೆ ಯಾರೂ ಬದುಕುಳಿಯುವಂತಿಲ್ಲ. ಆದುದರಿಂದ ಅವನನ್ನು ಬೆಂಕಿಯ ಹತ್ತಿರ ಕೂರಿಸಿ ಮೊದಲ ಬಟ್ಟಲು ಕೊಡುತ್ತಾರೆ. ನಮ್ಮ ಊರುಗಳಲ್ಲಿ ಏನು ನಡೆಯಿತು?

ಕಪಿಲೆಯನ್ನು ನೆನೆಯಿರಿ. ಪಂಪುಗಳು ಬರುವ ಮುನ್ನ ಈ ಸೀಮೆಯ ತೋಟಗಳು ಹಸಿರಾಗಿದ್ದದ್ದು ಕಪಿಲೆಯಿಂದ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾವಿಯಿಂದ ನೀರು ತುಂಬಿ ಮೇಲೆ ಬರುತ್ತಿದ್ದ ಬಾನಿ ಚರ್ಮದ್ದು. ಸತ್ತ ದನದ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿಯ ಚಕ್ಕೆಯ ನೀರಿನಲ್ಲಿ ದಿನಗಟ್ಟಲೆ ಹದಮಾಡಿ, ಹೊಲಿದು ಕೊಟ್ಟವನು ಊರ ಹೊರಗಿನ ಕೇರಿಯವನು. ಅವನು ಹೊಲಿದ ಬಾನಿ ದಿನಕ್ಕೆ ನೂರು ಸಲ ಬಾವಿಯೊಳಗೆ ಇಳಿಯಬಹುದಾಗಿತ್ತು. ಅವನು ಅದೇ ಊರಿನ ಕುಡಿಯುವ ನೀರಿನ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೆರೆಯ ತೂಬನ್ನು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರೆಂದು ಕೂದಲು ಸೀಳಿದಂತೆ ಹಂಚುತ್ತಿದ್ದ ನೀರಗಂಟಿಯೂ ಅನೇಕ ಊರುಗಳಲ್ಲಿ ಅದೇ ಕೇರಿಯವನು. ಊರಿನ ನೀರೆಲ್ಲ ಅವನ ಲೆಕ್ಕದಲ್ಲಿ. ಅವನ ದಾಹ ಯಾರ ಲೆಕ್ಕದಲ್ಲಿಯೂ ಇಲ್ಲ.

ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಅದು ಕೂಲಿಯಲ್ಲದೆ ಹಕ್ಕು ಎಂದು ವಾದಿಸುವವರುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ಆದರೆ ಆಟಕ್ಕೂ ಇದಕ್ಕೂ ಒಂದು ಮುಖ್ಯ ಭೇದವಿದೆ. ಆಟದಲ್ಲಿ ಪಾತ್ರವನ್ನು ಆಡುವವನು ತಾನೇ ಆರಿಸಿಕೊಳ್ಳುತ್ತಾನೆ. ಭಾನುವಾರ ಸಂಜೆ ಬಣ್ಣ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಪಾತ್ರ ಹುಟ್ಟಿನೊಡನೆ ಬಂದದ್ದು. ಅದನ್ನು ತೊಳೆಯುವ ನೀರು ಯಾವ ಬಾವಿಯಲ್ಲಿಯೂ ಇರಲಿಲ್ಲ.

ಈ ಭೇದವನ್ನು ನನಗೆ ಸ್ಪಷ್ಟವಾಗಿ ತೋರಿಸಿದವನು ಹದಿನಾಲ್ಕು ವರ್ಷದ ಹುಡುಗ. ಶಿಷ್ಯನು ಹೇಳಿಹೋದ ಆಟವನ್ನು ನಾನು ಒಂದು ರಜೆಯಲ್ಲಿ ಶಾಲೆಯ ಮೂವತ್ತು ಮಕ್ಕಳಿಂದ ಕೆರೆಯಂಗಳದಲ್ಲಿ ಆಡಿಸಿದೆ. ಲೋಕವೆಲ್ಲ ಮುಳುಗಿದೆ, ಉಳಿದದ್ದು ಈ ಕೆರೆಯಂಗಳ ಮಾತ್ರ, ಸಂಜೆಯೊಳಗೆ ಒಂದು ಊರು ಕಟ್ಟಬೇಕು ಎಂಬುದು ಕಥೆ. ಸೊಪ್ಪು ಬಲ್ಲವಳು, ಹಗ್ಗ ಹೊಸೆಯುವವನು, ಬುಟ್ಟಿ ಹೆಣೆಯುವವಳು, ನೀರಗಂಟಿ, ಲೆಕ್ಕ ಬರೆಯುವವನು, ಚರ್ಮ ಹದಮಾಡುವವನು ಎಂದು ಚೀಟಿಗಳು. ಕಥೆಯ ಬಾವಿ ಆಳವಾದದ್ದು. ಚರ್ಮದ ಬಾನಿಯಿಲ್ಲದೆ ನೀರಿಲ್ಲ. ಆದುದರಿಂದ ಚರ್ಮದವನ ಚೀಟಿಗೇ ಅತ್ಯಧಿಕ ಬೆಲೆ. ನಿಯಮ ಓದಿ ಮುಗಿಸಿದ ಕೂಡಲೇ ಆ ಚೀಟಿಗಾಗಿ ಹುಡುಗರು ಮುಗಿಬಿದ್ದರು.

ಒಬ್ಬನು ಮಾತ್ರ ಮುಂದೆ ಬರಲಿಲ್ಲ. ಅವನ ತಾತ ಆ ಕೆಲಸವನ್ನು ನಿಜವಾಗಿ ಮಾಡಿದವರೆಂಬುದು ನನಗೆ ತಿಳಿದಿತ್ತು. ನಿನಗೆ ಯಾವ ಚೀಟಿ ಬೇಕಪ್ಪ ಎಂದಾಗ ಅವನು ಮೆಲ್ಲನೆ, “ಅದೊಂದು ಬೇಡ ಸಾರ್. ನಮ್ಮ ತಾತನಿಗೇ ಸಾಕಾಗಿತ್ತು. ನಾನು ಲೆಕ್ಕ ಬರೀತೀನಿ” ಎಂದ.

ಚರ್ಮದ ಚೀಟಿ ಜಮೀನುದಾರರ ಮನೆಯ ಹುಡುಗನೊಬ್ಬನಿಗೆ ಹೋಯಿತು. ಅವನು ಹೆಮ್ಮೆಯಿಂದ ಹೊರಟ. ಅರ್ಧ ಗಂಟೆಯಲ್ಲಿ ಪೆಚ್ಚು ಮೋರೆ ಹಾಕಿಕೊಂಡು ಬಂದ. ನಿಯಮದ ಪ್ರಕಾರ ಅವನು ತಂಗಡಿಯ ಚಕ್ಕೆಯನ್ನು ತರಬೇಕಾಗಿತ್ತು. ಏರಿಯ ಉದ್ದಕ್ಕೂ ತಂಗಡಿ ಹೂಬಿಟ್ಟು ನಿಂತಿದ್ದರೂ ಅವನಿಗೆ ಗಿಡದ ಗುರುತಿಲ್ಲ. ಕೊನೆಗೆ ಲೆಕ್ಕ ಬರೆಯುವವನ ಹತ್ತಿರ ಹೋಗಿ ನಿಂತ. ಇವನು ಪುಸ್ತಕದಿಂದ ತಲೆ ಎತ್ತಿ, “ತೋರಿಸ್ತೀನಿ ಬಾ. ಆದ್ರೆ ಚಕ್ಕೆ ನೀನೇ ಕುಟ್ಟಬೇಕು” ಎಂದ. ಅವನು ಕುಟ್ಟಿದ. ಮಧ್ಯಾಹ್ನದವರೆಗೆ ಕಲ್ಲಿನ ಮೇಲೆ ಕಲ್ಲಿಟ್ಟು ಕುಟ್ಟಿ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡ. ಸಂಜೆಗೆ ಲೆಕ್ಕದ ಪುಸ್ತಕ ನೋಡಿದರೆ, ಯಾವ ಗುಂಪು ಎಷ್ಟು ನೀರು ಬಚ್ಚಿಟ್ಟಿದೆ, ಹೀಗೇ ನಡೆದರೆ ಊರಿಗೆ ಎಷ್ಟು ದಿನ ನೀರು ಸಾಲುತ್ತದೆ ಎಂಬುದೆಲ್ಲ ಅದರಲ್ಲಿ ಅಚ್ಚುಕಟ್ಟಾಗಿ ದಾಖಲಾಗಿತ್ತು. ನೀರನ್ನು ಹಂಚುವಂತೆ ಮಾಡಿ ಆ ಊರನ್ನು ಉಳಿಸಿದ್ದು ಅವನ ಲೆಕ್ಕ.

ತಿಳಿವು ಉಳಿಯಲಿ, ಬೇಡಿ ಕಳಚಲಿ

ಆ ಹುಡುಗನ ಎರಡು ಮಾತುಗಳಲ್ಲಿ ನಮ್ಮ ಕಾಲದ ಒಂದು ದೊಡ್ಡ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬುತ್ತೇನೆ. ಕೈಕಸುಬುಗಳು ಅಳಿಯುತ್ತಿವೆ ಎಂದು ನಾವು ಮರುಗುತ್ತೇವೆ. ಚಂದ್ರಿಕೆಯ ಜಾಗದಲ್ಲಿ ಪ್ಲಾಸ್ಟಿಕ್ಕು, ಕತ್ತಾಳೆಯ ಹಗ್ಗದ ಜಾಗದಲ್ಲಿ ನೈಲಾನು, ಬೊಂತೆಯ ಜಾಗದಲ್ಲಿ ಅಂಗಡಿಯ ಕಂಬಳಿ ಬಂದುವೆಂದು ನಿಟ್ಟುಸಿರು ಬಿಡುತ್ತೇವೆ. ಆದರೆ ಕಸುಬು ಬಿಟ್ಟವರನ್ನು ಕೇಳಿದರೆ, ಅವರು ಬಿಟ್ಟದ್ದು ಬಹುಮಟ್ಟಿಗೆ ಕಸುಬಿಗೆ ಅಂಟಿದ್ದ ಅವಮಾನವನ್ನು. ಅವಮಾನವನ್ನು ಬಿಡಲು ಕಸುಬನ್ನೂ ಬಿಡದೆ ದಾರಿಯಿರಲಿಲ್ಲ. ಅವರ ಮಕ್ಕಳನ್ನು ‘ನಿಮ್ಮ ಪರಂಪರೆಯನ್ನು ಉಳಿಸಿ’ ಎಂದು ಕೇಳುವ ಅಧಿಕಾರ, ಆ ಪರಂಪರೆಯ ಒಂದು ದಿನದ ಭಾರವನ್ನೂ ಹೊರದ ನಮಗಿಲ್ಲ.

ಹಾಗಾದರೆ ತಿಳಿವು ನಾಶವಾಗಲೆ? ಆಗಬಾರದು. ಅದನ್ನು ಹುಟ್ಟಿನಿಂದ ಬಿಡಿಸಿ ಎಲ್ಲರ ಕೈಗೂ ಹಂಚಬೇಕು. ಇದು ಹೊಸ ಮಾತೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಇವರು ಕಸುಬಿನ ಹೆಸರನ್ನು ತಲೆ ಎತ್ತಿ ಹೊತ್ತರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದು ಆ ಕಾಲದ ಘೋಷಣೆ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯೂ ಒಂದು ಕೈಗೆಲಸದ ಸುತ್ತ ಇಡೀ ವಿದ್ಯಾಭ್ಯಾಸವನ್ನು ಹೆಣೆಯಬೇಕೆಂದಿತು. ಯಾವ ಜಾತಿಯ ಮಗುವೇ ಆಗಲಿ ನೂಲಬೇಕು, ಮಣ್ಣು ಮುಟ್ಟಬೇಕು ಎಂಬುದು ಅದರ ಒಳಗುಟ್ಟು. ಅದು ನಮ್ಮ ಶಾಲೆಗಳಲ್ಲಿ ವಾರಕ್ಕೊಂದು ಪೀರಿಯಡ್ಡಾಗಿ ಸೊರಗಿ, ಬಳಿಕ ಅದೂ ಇಲ್ಲವಾಯಿತು. ಪರೀಕ್ಷೆಯಲ್ಲಿ ಕೇಳದ ವಿದ್ಯೆಗೆ ನಮ್ಮಲ್ಲಿ ಆಯಸ್ಸು ಕಡಮೆ.

ಒಂದು ಸಂತೋಷದ ಸಂಗತಿಯನ್ನೂ ಹೇಳಬೇಕು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ತಮಟೆಯೆಂದರೇನು? ಒಂದು ಬಳೆ, ಒಂದು ತೊಗಲು, ಎರಡು ಕೋಲು, ಹುಲ್ಲಿನ ಬೆಂಕಿ. ಬೆಂಕಿಗೆ ಹಿಡಿದು ಕಾಯಿಸಿದಾಗ ಸಡಿಲವಾದ ಚರ್ಮ ಬಿಗಿದು ನಾದ ಏರುತ್ತದೆ. ಎಷ್ಟು ಕಾಯಿಸಬೇಕೆಂಬುದು ಕಿವಿಗೂ ಬೆರಳಿಗೂ ಮಾತ್ರ ಗೊತ್ತು. ಒಂದು ಕಾಲಕ್ಕೆ ಸಾವಿನ ಸುದ್ದಿಗೂ ಸರಕಾರದ ಡಂಗುರಕ್ಕೂ ಮಾತ್ರ ಕರೆಯಿಸಿಕೊಂಡು ಬಾಗಿಲಾಚೆ ನಿಂತ ವಾದ್ಯ ರಾಷ್ಟ್ರಪತಿ ಭವನದ ಬಾಗಿಲನ್ನು ತೆರೆಸಿತು. ಅದು ಒಬ್ಬ ಕಲಾವಿದರಿಗೆ ಸಂದ ಗೌರವ. ಅದರ ಬಿಸಿ ಊರೂರಿನ ಕೇರಿಗೂ ತಟ್ಟಬೇಕಾದರೆ ಕೆಲಸ ಬಹಳ ಉಳಿದಿದೆ.

ಆ ಕೆಲಸ ಶಾಲೆಯ ಅಂಗಳದಿಂದ ಮೊದಲಾಗಬಹುದು. ಖರ್ಚು ಕಡಮೆ. ಸೊಪ್ಪು ಬಲ್ಲ ಅಜ್ಜಿಯನ್ನು ಒಂದು ದಿನ ತರಗತಿಗೆ ಕರೆಯಿಸಿ, ಮೇಷ್ಟರ ಕುರ್ಚಿಯಲ್ಲಿಯೇ ಕೂರಿಸಿ, ‘ಅಮ್ಮಾ, ಹೇಳಿಕೊಡಿ’ ಎಂದು ಕೇಳಬೇಕು. ಬಿದಿರು ಸೀಳುವುದನ್ನು, ನಾರು ಹೊಸೆಯುವುದನ್ನು, ಚರ್ಮಕ್ಕೆ ಹೊಲಿಗೆ ಹಾಕುವುದನ್ನು ಎಲ್ಲ ಮಕ್ಕಳೂ ಕಲಿಯಬೇಕು. ಆ ಕಸುಬಿನ ಮನೆಯ ಮಗುವಿಗೆ ‘ನನಗೆ ಬೇಡ, ನಾನು ಗಣಿತ ಕಲಿಯುತ್ತೇನೆ’ ಎನ್ನುವ ಪೂರ್ಣ ಸ್ವಾತಂತ್ರ್ಯವಿರಬೇಕು. ಹೇಳಿಕೊಟ್ಟವರಿಗೆ ಮರ್ಯಾದೆಯೊಡನೆ ಸಂಭಾವನೆಯೂ ಸಲ್ಲಬೇಕು. ಬರಿಯ ಶಾಲು ಹೊದಿಸಿ ಕಳುಹಿಸುವ ಚಾಳಿ ನಮ್ಮಲ್ಲಿ ಅತಿಯಾಗಿದೆ.

ಜಂಗಮ ಎಂದರೆ ಚಲಿಸುವಂಥದು. ಕೋಟೆ ಎಂದರೆ ನಿಂತಂಥದು, ಒಳಗು ಹೊರಗೆಂದು ಗೆರೆ ಎಳೆದಂಥದು. ಎರಡನ್ನೂ ಒಂದೇ ಹೆಸರಿನಲ್ಲಿ ಹೊತ್ತ ಊರು ನಮ್ಮದು. ಕೈಯ ತಿಳಿವು ಜಂಗಮವಾಗಬೇಕು. ಕೇರಿಯಿಂದ ಕೇರಿಗೆ, ಕೈಯಿಂದ ಕೈಗೆ ನಡೆಯಬೇಕು. ಅದರ ಸುತ್ತ ಹುಟ್ಟಿನ ಹೆಸರಿನಲ್ಲಿ ಕಟ್ಟಿದ ಕೋಟೆ ಬೀಳಬೇಕು. ಪ್ರಳಯವಾದ ಮೇಲೆ ಯಾರು ಬೇಕಾಗುತ್ತಾರೆ ಎಂದು ಮಕ್ಕಳನ್ನು ಕೇಳಿ ನೋಡಿ. ಸೊಪ್ಪು ಬಲ್ಲವಳು, ಹಗ್ಗ ಹೊಸೆಯುವವನು, ನೀರು ಹಂಚುವವ, ಚರ್ಮ ಹೊಲಿಯುವವ ಎಂದು ತಡಮಾಡದೆ ಎಣಿಸುತ್ತಾರೆ. ಹಾಗೆ ಎಣಿಸಿದವರನ್ನು ಪ್ರಳಯದ ಮೊದಲೇ ಮನೆಯೊಳಗೆ ಕರೆದು ಕೂರಿಸುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.